ಸತ್ಯವೇದದ ಕನ್ನಡವೂ ನಿತ್ಯಮನನವೂ

ಕನ್ನಡ ನಾಡಿನಲ್ಲಿ ಕ್ರೈಸ್ತ ಮಿಶನರಿಗಳು ನಡೆಸಿದ ಭಾಷಾಸೇವೆಯು ವಿದ್ವಾಂಸರಿಗೆ ವಿದಿತವಾಗಿಯೇ ಇದೆ. ೧೮೪೩ರ ‘ಮಂಗಳೂರ ಸಮಾಚಾರ’, ೧೮೫೦ರಲ್ಲಿ ಮೋಗ್ಲಿಂಗರು ಅಚ್ಚುಮಾಡಿಸಿದ ದಾಸರ ಪದಗಳು, ೧೮೭೨ರ ಶಬ್ದಮಣಿದರ್ಪಣದ ಮುದ್ರಣ, ೧೮೯೪ರ ಕಿಟ್ಟೆಲರ ನಿಘಂಟು, ಇವುಗಳನ್ನು ನೆನೆಯದೆ ಆ ಶತಮಾನದ ಸಾಹಿತ್ಯಚರಿತ್ರೆಯನ್ನು ಬರೆಯುವಂತಿಲ್ಲ. ಆದರೆ ಯಾವ ಗ್ರಂಥವನ್ನು ಕನ್ನಡಿಗರ ಕೈಗೆ ಕೊಡಬೇಕೆಂದು ಈ ಮಹನೀಯರು ಕಡಲು ದಾಟಿ ಬಂದರೋ, ಉಳಿದ ವ್ಯಾಸಂಗವೆಲ್ಲವೂ ಯಾವುದಕ್ಕೆ ಅಂಗವಾಗಿ ಬೆಳೆಯಿತೋ, ಆ ಸತ್ಯವೇದದ ಕನ್ನಡವನ್ನು ಕನ್ನಡವೆಂದೇ ಎಣಿಸಿ ವಿಮರ್ಶಿಸಿದವರು ವಿರಳ. ‘ಪಾದ್ರಿಗಳ ಕನ್ನಡ’ ಎಂಬ ಒಂದು ಮಾತಿನಿಂದ ಅದನ್ನು ಬದಿಗೆ ಸರಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಅಂಗಗಳನ್ನು ಹೊಗಳಿ ಅಂಗಿಯನ್ನು ಮರೆಯುವ ಈ ಕ್ರಮವು ಮೀಮಾಂಸೆಯನ್ನು ಓದಿದವರಿಗೆ ಒಪ್ಪತಕ್ಕದ್ದಲ್ಲ.

ವಿಮರ್ಶೆಗೆ ಹೊರಡುವ ಮುನ್ನ ಒರೆಗಲ್ಲು ಯಾವುದೆಂಬುದು ನಿಶ್ಚಯವಾಗಬೇಕು. ಒಮ್ಮೆ ಓದಿ ಮುಗಿಸುವ ಕಾವ್ಯಕ್ಕೆ ಒಂದು ಒರೆ, ದಿನದಿನವೂ ಓದತಕ್ಕ ಗ್ರಂಥಕ್ಕೆ ಇನ್ನೊಂದು ಒರೆ. ಕ್ರೈಸ್ತನಾದವನು ಪ್ರತಿದಿನ ಬೆಳಗಿನಲ್ಲಿಯೋ ಸಂಜೆಯಲ್ಲಿಯೋ ಈ ಗ್ರಂಥದ ಒಂದು ಭಾಗವನ್ನು ಓದಿ, ಅದನ್ನು ಮನಸ್ಸಿನಲ್ಲಿ ತಿರುಗಿಸಿ, ಆ ದಿನದ ನಡತೆಯನ್ನು ಅದಕ್ಕೆ ಹೊಂದಿಸಿಕೊಳ್ಳಬೇಕೆಂಬುದು ಆ ಧರ್ಮದ ಆಚಾರ. ಜರ್ಮನಿಯ ಹೆರ್ನ್‌ಹೂಟಿನಲ್ಲಿ ಜಿನ್‌ಜೆಂಡಾರ್ಫನು ೧೭೨೮ರಲ್ಲಿ ದಿನಕ್ಕೊಂದು ವಚನವನ್ನು ಹಂಚುವ ಪದ್ಧತಿಯನ್ನು ಆರಂಭಿಸಿದನು; ೧೭೩೧ರಿಂದ ಆ ವಚನಮಾಲೆಯು ವರ್ಷವರ್ಷವೂ ಅಚ್ಚಾಗುತ್ತ ಬಂದಿದೆ. ಮೋಗ್ಲಿಂಗರಂಥವರು ಹುಟ್ಟಿ ಬೆಳೆದ ವುರ್ಟೆಂಬರ್ಗ್ ಸೀಮೆಯು ಇಂಥ ಭಕ್ತಿಸಂಪ್ರದಾಯದ ನೆಲೆಯೇ ಆಗಿದ್ದಿತು. ಕಥೋಲಿಕರಲ್ಲಿಯೂ ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೫ರಲ್ಲಿ ಶಾಸ್ತ್ರಪಠನವು ಪಾದ್ರಿಗಳಿಗೆ ಮಾತ್ರವಲ್ಲ, ಸಕಲ ವಿಶ್ವಾಸಿಗಳಿಗೂ ವಿಹಿತವೆಂದು ಒತ್ತಿ ಹೇಳಿತು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಸ್ವಾಧ್ಯಾಯ. ಶತಪಥಬ್ರಾಹ್ಮಣದಲ್ಲಿ ಸ್ವಾಧ್ಯಾಯವನ್ನೇ ಬ್ರಹ್ಮಯಜ್ಞವೆಂದು ಎಣಿಸಿರುವುದು ಪಾಠಶಾಲೆಯಲ್ಲಿ ಓದಿದ ಯಾರಿಗೂ ಹೊಸದಲ್ಲ. ಆದುದರಿಂದ ಪ್ರಶ್ನೆಯಿಷ್ಟೆ: ಈ ಗ್ರಂಥದ ಕನ್ನಡವು ಸ್ವಾಧ್ಯಾಯದ ಭಾರವನ್ನು ಹೊರಬಲ್ಲುದೆ? ಕ್ರೈಸ್ತನಲ್ಲದವನಿಗೆ ಇದನ್ನು ಕೇಳುವ ಅಧಿಕಾರವುಂಟೆ ಎಂದರೆ, ಮತದ ವಿಷಯದಲ್ಲಿ ಇಲ್ಲ, ಶಬ್ದದ ವಿಷಯದಲ್ಲಿ ಉಂಟು.

ಈ ಪ್ರಶ್ನೆಯನ್ನು ಬಳ್ಳಾರಿಯಲ್ಲಿಯಾಗಲಿ ಧಾರವಾಡದಲ್ಲಿಯಾಗಲಿ ನಿಂತು ಕೇಳಿದರೆ ಉತ್ತರ ಸುಲಭ. ಕಾರವಾರ, ಅಂಕೋಲೆಗಳ ಕಡಲಂಚಿನಲ್ಲಿ ನಿಂತು ಕೇಳಿದರೆ ಅದರ ನಿಜವಾದ ತೊಡಕು ಗೋಚರವಾಗುತ್ತದೆ. ೧೮೬೨ರಲ್ಲಿ ಮದರಾಸು ಆಧಿಪತ್ಯದಿಂದ ಮುಂಬಯಿಗೆ ಸೇರಿ, ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ಈ ಸೀಮೆಯಲ್ಲಿ ಕಾಳೀನದಿಯ ಬಳಿ ಕೊಂಕಣಿಯೇ ಮನೆಮಾತು. ಅಂಕೋಲೆಯ ಕಡೆಗೆ ಬಂದಂತೆ ಕನ್ನಡದ ಬಲ ಹೆಚ್ಚುತ್ತದೆ. ಇಲ್ಲಿಯ ಕ್ರೈಸ್ತರಲ್ಲಿ ಹೆಚ್ಚಿನವರು ಕೊಂಕಣಿಯನ್ನಾಡುವ ಕಥೋಲಿಕರು. ೧೯೭೬ರಲ್ಲಿ ಬೆಳಗಾವಿಯಿಂದ ವಿಂಗಡವಾಗಿ ಕಾರವಾರ ಧರ್ಮಪ್ರಾಂತ್ಯವು ಸ್ಥಾಪಿತವಾಯಿತು. ಸಂಜೆಯ ‘ತೇರ್ಸ್’ ಪ್ರಾರ್ಥನೆ ಕೊಂಕಣಿಯಲ್ಲಿ, ಶಾಲೆಯ ಪಾಠ ಕನ್ನಡದಲ್ಲಿ, ಹೀಗೆ ಒಂದೇ ಮನೆಯ ಒಂದೇ ಜಗಲಿಯಲ್ಲಿ ಎರಡು ಭಾಷೆಗಳು ಸರದಿಯಂತೆ ಕುಳಿತೇಳುತ್ತವೆ. ಅಜ್ಜಿಯ ಬಾಯಿಯಲ್ಲಿರುವ ಪ್ರಾರ್ಥನೆಯು ಮೊಮ್ಮಗನ ಕೈಯಲ್ಲಿರುವ ಪುಸ್ತಕದ ಭಾಷೆಯಲ್ಲಿ ಇರುವುದಿಲ್ಲ. ಮನನಕ್ಕೆ ಭಾಷೆಯೇ ಉಪಾದಾನವಾದುದರಿಂದ ಇದು ಸಣ್ಣ ಮಾತಲ್ಲ.

ಅನುವಾದದ ಇತಿಹಾಸವನ್ನು ವಿಸ್ತರಿಸುವ ಅಗತ್ಯವಿಲ್ಲ. ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದು, ೧೮೩೧ರ ಹೊತ್ತಿಗೆ ಇಡಿಯ ಗ್ರಂಥವನ್ನು ಕನ್ನಡಕ್ಕೆ ತಂದರು. ಬಾಸೆಲ್ ಮಿಶನಿನ ವೈಗಲೆ ಮೊದಲಾದವರು ಆ ಶತಮಾನದ ಮಧ್ಯಭಾಗದಲ್ಲಿ ಅದನ್ನು ತಿದ್ದಿದರು. ಮುಂದೆಯೂ ತಿದ್ದುಪಾಟುಗಳಾದುವು. ಈಚೆಗೆ ಸರಳವಾದ ಬೇರೆ ಅನುವಾದಗಳೂ ಹೊರಟಿವೆ. ನಾವಿಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಬೈಬಲ್ ಸಂಘದವರು ಪ್ರಕಟಿಸುತ್ತ ಬಂದ, ಪ್ರೊಟೆಸ್ಟಂಟರ ಮನೆಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಹಳೆಯ ಪಾಠವನ್ನು.

ಮೊದಲು ‘ಧ್ಯಾನ’ ಶಬ್ದವನ್ನೇ ನೋಡೋಣ; ನಿತ್ಯಮನನದ ವಿಧಿವಾಕ್ಯವೇ ಅದರ ಮೇಲೆ ನಿಂತಿದೆ. ಕೀರ್ತನೆಗಳ ಮೊದಲನೆಯ ಕೀರ್ತನೆಯಲ್ಲಿ ಧನ್ಯನಾದವನ ಲಕ್ಷಣವನ್ನು ಹೇಳುವಾಗ, ಹಗಲಿರುಳು ಧರ್ಮಶಾಸ್ತ್ರವನ್ನು ‘ಧ್ಯಾನಿಸು’ವವನೆಂದು ಕನ್ನಡದಲ್ಲಿದೆ. ಯೆಹೋಶುವನಿಗೆ ಆದ ಅಪ್ಪಣೆಯಲ್ಲಿಯೂ ಅದೇ ಕ್ರಿಯಾಪದ. ಇಬ್ರಿಯ ಮೂಲದಲ್ಲಿರುವ ಧಾತು ‘ಹಾಗಾ’. ಅದರ ಅರ್ಥವೇನೆಂಬುದನ್ನು ಬೇರೆ ಪ್ರಯೋಗಗಳಿಂದ ತಿಳಿಯಬೇಕು. ಯೆಶಾಯನ ಗ್ರಂಥದಲ್ಲಿ ಬೇಟೆಯ ಮೇಲೆ ನಿಂತ ಸಿಂಹವು ಗುರುಗುಟ್ಟುವುದಕ್ಕೆ ಇದೇ ಧಾತು. ಪಾರಿವಾಳವು ಗುಬ್ಬಳಿಸುವುದಕ್ಕೂ ಇದೇ ಧಾತು. ಎಂದರೆ ಅದು ಗಂಟಲಿನಿಂದ ಹೊರಡುವ ತಗ್ಗಿದ ದನಿ. ಮೌನವಲ್ಲ. ನಮ್ಮಲ್ಲಿಯಾದರೋ ಧ್ಯಾನವೆಂದರೆ ಧಾರಣೆಗೂ ಸಮಾಧಿಗೂ ನಡುವಣ ಮೆಟ್ಟಲು, ಬಾಯಿ ಮುಚ್ಚಿದ ಸ್ಥಿತಿ. ಮನುವು ಜಪದ ತಾರತಮ್ಯವನ್ನು ಹೇಳುವಾಗಲೂ ಉಪಾಂಶುವನ್ನು ವಾಚಿಕಕ್ಕಿಂತ ಮೇಲಿಟ್ಟು, ಮಾನಸವನ್ನು ಅದಕ್ಕಿಂತಲೂ ಮೇಲಿಡುತ್ತಾನೆ. ಅನುವಾದಕರು ‘ಧ್ಯಾನಿಸು’ ಎಂದೊಡನೆ ಈ ತಾರತಮ್ಯವೆಲ್ಲವೂ ಅವರಿಗರಿಯದೆಯೇ ಒಳಕ್ಕೆ ಬಂದುಬಿಟ್ಟಿತು. ಓದುವವನು ಏಕಾಂತವನ್ನು ಹುಡುಕತೊಡಗುತ್ತಾನೆ. ಮೂಲವು ಕೇಳುವುದೋ, ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ಹೇಳಿರುವಂತೆ, ಮನೆಯಲ್ಲಿ ಕುಳಿತಾಗಲೂ ದಾರಿಯಲ್ಲಿ ನಡೆವಾಗಲೂ ಮಲಗುವಾಗಲೂ ಏಳುವಾಗಲೂ ಆಡತಕ್ಕ ಮಾತನ್ನು. ಸಂತೆಗೆ ಮೀನಿನ ಬುಟ್ಟಿ ಹೊತ್ತು ನಡೆಯುವ ಹೆಂಗಸಿಗೂ ಇದು ಸಾಧ್ಯ. ಧ್ಯಾನವು ಸಾಧ್ಯವೋ ತಿಳಿಯದು.

ಇನ್ನೊಂದು ಹಾನಿಯೂ ಉಂಟು. ಎರಡನೆಯ ಕೀರ್ತನೆಯ ಮೊದಲಲ್ಲಿ ಜನಾಂಗಗಳು ವ್ಯರ್ಥವಾದುದನ್ನು ‘ಹಾಗಾ’ ಮಾಡುತ್ತವೆ ಎಂದಿದೆ. ಸಜ್ಜನನೂ ಗುಣುಗುತ್ತಾನೆ, ದಂಗೆಕೋರರೂ ಗುಣುಗುತ್ತಾರೆ. ಯಾವುದನ್ನು ಎಂಬುದರಲ್ಲಿ ಭೇದ. ಎರಡು ಕೀರ್ತನೆಗಳನ್ನು ಬೆಸೆಯುವ ಈ ಕೊಂಡಿಯು ಕನ್ನಡದಲ್ಲಿ ಬೇರೆ ಬೇರೆ ಕ್ರಿಯಾಪದಗಳಿಂದಾಗಿ ಕಳಚಿಹೋಗಿದೆ. ಹಾಗಾದರೆ ಬೇರೆ ಯಾವ ಪದವನ್ನು ಇಡಬೇಕಾಗಿತ್ತು? ‘ಜಪಿಸು’ ಎಂದರೆ ನಾಮಕ್ಕೆ ಕಟ್ಟುಬೀಳುತ್ತದೆ, ‘ಪಾರಾಯಣ’ವೆಂದರೆ ಮೊದಲಿನಿಂದ ಕೊನೆಯವರೆಗಿನ ಓದಾಗುತ್ತದೆ, ‘ಗುಣುಗು’ ಎಂಬುದು ಶಾಸ್ತ್ರಕ್ಕೆ ಲಘು. ‘ಮೆಲುಕು ಹಾಕು’ ಎಂಬ ದೇಸಿಯ ಮಾತು ಅರ್ಥದಲ್ಲಿ ಬಹು ಹತ್ತಿರವಾಗಿದ್ದರೂ ಪೀಠದ ಮೇಲೆ ಓದುವಾಗ ಕೇಳುವವರು ಮುಗುಳುನಗಬಹುದು. ಆದುದರಿಂದ ‘ಧ್ಯಾನಿಸು’ ತಪ್ಪೆನ್ನಲಾಗದು. ಟಿಪ್ಪಣಿಯಿಲ್ಲದೆ ಬಿಟ್ಟುದು ತಪ್ಪು. ಯೆಹೋಶುವನ ವಾಕ್ಯದಲ್ಲಿ ‘ಬಾಯಿ’ ಎಂಬ ಶಬ್ದವು ಪಕ್ಕದಲ್ಲಿಯೇ ಇರುವುದರಿಂದ ಬುದ್ಧಿವಂತನಾದ ಓದುಗನಿಗೆ ದಾರಿ ಸಿಕ್ಕುತ್ತದೆ. ಅಪೊಸ್ತಲರ ಕೃತ್ಯಗಳಲ್ಲಿ ಐಥಿಯೋಪ್ಯದ ಕಂಚುಕಿಯು ರಥದಲ್ಲಿ ಯೆಶಾಯನ ಗ್ರಂಥವನ್ನೋದುವುದು ಓಡಿಬಂದ ಫಿಲಿಪ್ಪನ ಕಿವಿಗೆ ಬೀಳುತ್ತದೆ. ಗಟ್ಟಿಯಾಗಿ ಓದದಿದ್ದರೆ ಕೇಳುವುದು ಹೇಗೆ? ‘ಕಂಚುಕಿ’ ಎಂಬ ಪದವನ್ನು ನೋಡಿ ನಮ್ಮ ನಾಟಕಗಳ ಮುದುಕನು ನೆನಪಾಗುವುದನ್ನು ತಡೆಯುವಂತಿಲ್ಲ; ಅನುವಾದಕರ ಬಳಿ ಇದ್ದ ಪಂಡಿತರು ಯಾರೋ, ಕಾಳಿದಾಸನನ್ನು ಓದಿದ್ದವರೇ ಇರಬೇಕು.

‘ಅನುದಿನ’ ಎಂಬ ಪದಕ್ಕೆ ಬರೋಣ. ಪ್ರಭುವಿನ ಪ್ರಾರ್ಥನೆಯಲ್ಲಿ ಬೇಡುವ ಅನ್ನಕ್ಕೆ ಗ್ರೀಕ್ ಮೂಲದಲ್ಲಿ ‘ಎಪಿಊಸಿಯೋಸ್’ ಎಂಬ ವಿಶೇಷಣವಿದೆ. ಇದು ಎಷ್ಟು ಅಪೂರ್ವವಾದ ಪದವೆಂದರೆ ಸುವಾರ್ತೆಗಾರರೇ ಇದನ್ನು ಹುಟ್ಟಿಸಿರಬೇಕೆಂದು ಮೂರನೆಯ ಶತಮಾನದಲ್ಲಿ ಒರಿಜೆನನು ಹೇಳಿದನು. ಜೆರೋಮನು ಲ್ಯಾಟಿನ್ನಿಗೆ ತರುವಾಗ ಲೂಕನಲ್ಲಿ ‘ದೈನಂದಿನ’ವೆಂದೂ ಮತ್ತಾಯನಲ್ಲಿ ‘ಸತ್ತಾತೀತ’ವೆಂಬ ಅರ್ಥದ ಪದವನ್ನೂ ಇಟ್ಟನು. ಕನ್ನಡದವರು ಈ ಗೊಂದಲಕ್ಕೆ ಹೋಗದೆ ‘ಅನುದಿನದ ಆಹಾರ’ವೆಂದರು. ಅವ್ಯಯೀಭಾವವಾದ ‘ಅನುದಿನ’ವು ವೀಪ್ಸೆಯನ್ನು ಹೇಳುತ್ತದೆ, ದಿನದಿನವೂ ಎಂದು; ‘ಈ ಹೊತ್ತು’ ಎಂಬುದು ಅದನ್ನು ಇಂದಿಗೆ ಹಿಡಿದು ನಿಲ್ಲಿಸುತ್ತದೆ. ಮೂಲಕ್ಕಿಂತ ಇಲ್ಲಿ ಕನ್ನಡವೇ ತಿಳಿಯಾಗಿದೆ ಎಂದು ಹೇಳಲು ನಮಗೆ ಸಂಕೋಚವಿಲ್ಲ.

ಇದಕ್ಕೆ ಭಾಷ್ಯವನ್ನು ಹುಡುಕುವವರು ವಿಮೋಚನಕಾಂಡದ ಹದಿನಾರನೆಯ ಅಧ್ಯಾಯವನ್ನು ಓದಬೇಕು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಮನ್ನವು ದೊರೆಯುತ್ತದೆ. ಆಯಾ ದಿನಕ್ಕೆ ಬೇಕಾದಷ್ಟನ್ನು ಮಾತ್ರ ಕೂಡಿಸಿಕೊಳ್ಳಬೇಕು. ನಾಳೆಗೆಂದು ಇಟ್ಟುಕೊಂಡವರದು ಹುಳಬಿದ್ದು ನಾರಿತು. ಆರನೆಯ ದಿನ ಮಾತ್ರ ಎರಡರಷ್ಟು, ಏಕೆಂದರೆ ಮರುದಿನ ಸಬ್ಬತ್ತು. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಗೃಹಸ್ಥರನ್ನು ಕುಸೂಲಧಾನ್ಯಕ, ಕುಂಭೀಧಾನ್ಯಕ, ತ್ರ್ಯಹೈಹಿಕ, ಅಶ್ವಸ್ತನಿಕರೆಂದು ನಾಲ್ಕು ವಿಧವಾಗಿ ವಿಂಗಡಿಸಿ, ಕಣಜದಲ್ಲಿ ತುಂಬಿಟ್ಟವನಿಗಿಂತ ಗಡಿಗೆಯಲ್ಲಿಟ್ಟವನೂ, ಅವನಿಗಿಂತ ಮೂರು ದಿನದಷ್ಟುಳ್ಳವನೂ, ಅವನಿಗಿಂತ ನಾಳೆಗೇನೂ ಇಲ್ಲದವನೂ ಶ್ರೇಷ್ಠರೆಂದು ಹೇಳಿದೆಯಷ್ಟೆ. ಅಶ್ವಸ್ತನಿಕನ ಧರ್ಮವೇ ಇಲ್ಲಿ ಒಂದು ಇಡಿಯ ಜನಕ್ಕೆ ವಿಧಿಸಲ್ಪಟ್ಟಿದೆ. ಭೇದವೂ ಇದೆ, ಅದನ್ನು ಮುಚ್ಚಬಾರದು. ಮನುವಿನಲ್ಲಿ ಅದು ಒಬ್ಬನ ತಪಸ್ಸು, ಪ್ರಶಸ್ತಿಗೆ ಪಾತ್ರ. ಇಲ್ಲಿ ಅದು ಎಲ್ಲರ ಊಟ, ಹೆಚ್ಚು ಕೂಡಿಸಿದವನಿಗೆ ಹೆಚ್ಚಾಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕಡಿಮೆಯಾಗಲಿಲ್ಲ. ನಿತ್ಯಪಠನದ ನಿಯಮವು ಈ ಕಥೆಯಿಂದಲೇ ಅರ್ಥವಾಗಬೇಕು. ಭಾನುವಾರ ಒಂದೇ ಸಲಕ್ಕೆ ಹತ್ತು ಅಧ್ಯಾಯಗಳನ್ನು ಓದಿ ವಾರವೆಲ್ಲ ಸುಮ್ಮನಿರುವವನು ಕಣಜದ ಗೃಹಸ್ಥನು.

ಈ ಪಂಚಗ್ರಂಥಗಳಿಗೆ ಕನ್ನಡದಲ್ಲಿ ಕಾಂಡಗಳೆಂದು ಹೆಸರಿಟ್ಟುದು ರಾಮಾಯಣದ ಛಾಯೆಯೆಂದು ಕೆಲವರು ಆಕ್ಷೇಪಿಸಬಹುದು. ನಾಲ್ಕನೆಯದನ್ನು ಗ್ರೀಕರು ‘ಸಂಖ್ಯೆಗಳು’ ಎಂದರು. ಇಬ್ರಿಯರು ಅದನ್ನು ಕರೆಯುವುದು ‘ಅರಣ್ಯದಲ್ಲಿ’ ಎಂಬರ್ಥದ ‘ಬೆಮಿದ್ಬಾರ್’ ಎಂದು. ಕನ್ನಡದ ‘ಅರಣ್ಯಕಾಂಡ’ವು ವಾಲ್ಮೀಕಿಯನ್ನು ನೆನಪಿಗೆ ತರುತ್ತಲೇ ಮೂಲಕ್ಕೆ ಗ್ರೀಕಿಗಿಂತ ಸಮೀಪದಲ್ಲಿ ನಿಂತಿದೆ. ಅಲ್ಲಿಯ ಅರಣ್ಯವು ಮರಗಿಡಗಳಿಲ್ಲದ ಬರಿಯ ನೆಲವೆಂಬುದನ್ನು ಮಾತ್ರ ಉತ್ತರ ಕನ್ನಡದ ದಟ್ಟಕಾಡನ್ನು ನೋಡಿದ ಮಕ್ಕಳಿಗೆ ಉಪಾಧ್ಯಾಯರು ತಿಳಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ‘ನಂಬಿಕೆ’. ಸಂಸ್ಕೃತಜ್ಞನಾದ ಅನುವಾದಕನು ‘ಶ್ರದ್ಧಾ’ ಎಂದು ಬರೆದುಬಿಡುತ್ತಿದ್ದನು. ಯಾಸ್ಕನ ನಿರುಕ್ತದಂತೆ ಅದರಲ್ಲಿ ಸತ್ಯವನ್ನು ನೆಲೆಗೊಳಿಸುವ ಅರ್ಥವಿದ್ದರೂ, ಅದು ಮನಸ್ಸಿನ ಒಂದು ವೃತ್ತಿ. ಶ್ರದ್ಧೆಯುಳ್ಳವನ ಮೇಲೆ ಬೇರೊಬ್ಬನು ಭಾರವಿಡಬಹುದೆಂಬುದನ್ನು ಆ ಶಬ್ದವು ಹೇಳುವುದಿಲ್ಲ. ಇಬ್ರಿಯ ‘ಎಮೂನಾ’ ಹಾಗಲ್ಲ. ವಿಮೋಚನಕಾಂಡದ ಹದಿನೇಳನೆಯ ಅಧ್ಯಾಯದಲ್ಲಿ ಅಮಾಲೇಕ್ಯರೊಡನೆ ಯುದ್ಧ ನಡೆಯುತ್ತಿರುವಾಗ ಮೋಶೆಯ ಕೈಗಳು ಸೋತು ಇಳಿಯುತ್ತವೆ. ಆರೋನನೂ ಹೂರನೂ ಎರಡು ಪಕ್ಕದಲ್ಲಿ ನಿಂತು ಅವನ್ನು ಎತ್ತಿ ಹಿಡಿಯುತ್ತಾರೆ. ಸೂರ್ಯನು ಮುಳುಗುವವರೆಗೂ ಕೈಗಳು ‘ಎಮೂನಾ’ ಆಗಿದ್ದವು, ಎಂದರೆ ಕದಲದೆ ನಿಂತವು. ಈ ಶಬ್ದಕ್ಕೆ ಮೂಲದಲ್ಲಿರುವ ಚಿತ್ರವು ಇದು: ನಿಂತುಕೊಂಡಿರುವಿಕೆ, ಅದೂ ಇತರರ ಆಸರೆಯಿಂದ. ಹಬಕ್ಕೂಕನಲ್ಲಿ ನೀತಿವಂತನು ಬದುಕುವುದು ಈ ಎಮೂನಾದಿಂದ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಆ ವಾಕ್ಯವನ್ನು ಗ್ರೀಕಿನ ‘ಪಿಸ್ತಿಸ್’ ಶಬ್ದದಿಂದ ಹೇಳುತ್ತಾನೆ. ನಂಬುವುದೆಂದೇ, ನಂಬತಕ್ಕವನಾಗಿರುವುದೆಂದೇ ಎಂದು ಪಶ್ಚಿಮದ ವ್ಯಾಖ್ಯಾನಕಾರರು ಈಗಲೂ ವಾದಿಸುತ್ತಾರೆ.

ಕನ್ನಡದಲ್ಲಿ ಈ ವಾದವು ಹುಟ್ಟುವುದೇ ಕಷ್ಟ. ‘ಅವನಿಗೆ ದೇವರಲ್ಲಿ ನಂಬಿಕೆಯುಂಟು’ ಎಂದರೆ ಒಂದು, ‘ಅವನು ನಂಬಿಕೆಯ ಆಳು’ ಎಂದರೆ ಇನ್ನೊಂದು, ಶಬ್ದವು ಒಂದೇ. ವಚನಕಾರರೂ ದಾಸರೂ ಈ ‘ನಂಬು’ ಧಾತುವನ್ನು ಎಷ್ಟು ಆಳವಾಗಿ ದುಡಿಸಿಕೊಂಡರೆಂಬುದನ್ನು ಸಾಹಿತ್ಯದ ಉಪಾಧ್ಯಾಯರಿಗೆ ವಿವರಿಸಬೇಕಾಗಿಲ್ಲ. ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಒಡೆಯನು ಮೆಚ್ಚುವ ಆಳು ‘ನಂಬಿಗಸ್ತ’. ಲೂಕನ ಹದಿನಾರನೆಯದರಲ್ಲಿ ಸ್ವಲ್ಪದರಲ್ಲಿ ‘ನಂಬಿಗಸ್ತ’ನಾದವನು ಬಹಳದರಲ್ಲಿಯೂ ಹಾಗೆಯೇ ಇರುತ್ತಾನೆ. ಕನ್ನಡದ ‘ನಂಬಿಗೆ’ಯ ಬೆನ್ನಿಗೆ ಕಟ್ಟಿದ ಈ ತುದಿಯನ್ನು ಕಂಡು ವೈಯಾಕರಣನು ಹುಬ್ಬು ಗಂಟಿಕ್ಕಬಹುದು, ಅರಿಸಮಾಸದ ಚರ್ಚೆಯನ್ನೇ ಎತ್ತಬಹುದು. ಎತ್ತಲಿ. ಅಂಗಡಿಯಲ್ಲಿಯೂ ದೋಣಿಯಲ್ಲಿಯೂ ಸಲ್ಲುವ ಈ ಪದವು ಸುವಾರ್ತೆಯ ಪುಟದಲ್ಲಿ ಕಂಡಾಗ, ಓದುವವನಿಗೆ ತನ್ನ ವಿಶ್ವಾಸವೂ ತನ್ನ ಲೆಕ್ಕದ ಪುಸ್ತಕವೂ ಒಂದೇ ಶಬ್ದದ ಕೆಳಗೆ ಬರುತ್ತವೆ. ಬೇರೆ ಯಾವ ಪದದಿಂದಲೂ ಈ ಕೆಲಸವು ಆಗುತ್ತಿರಲಿಲ್ಲ. ಕ್ರೈಸ್ತಜೀವನದ ನಿಷ್ಠೆಯೆಂಬುದು ಅಸಾಧಾರಣವಾದ ತ್ಯಾಗವಲ್ಲ, ಸ್ವಲ್ಪದರಲ್ಲಿ ಕದಲದಿರುವುದು ಎಂಬ ಅರ್ಥವು ಭಾಷೆಯೊಳಗಿನಿಂದಲೇ ಹೊರಟಿದೆ.

ಸರ್ವನಾಮದ ಪ್ರಯೋಗವನ್ನೂ ಇಲ್ಲಿಯೇ ಹೇಳಬೇಕು. ಹಳೆಯ ಪಾಠದಲ್ಲಿ ದೇವರಿಗೂ ಯೇಸುವಿಗೂ ‘ಆತನು’, ಇತರರಿಗೆ ‘ಅವನು’. ಇಬ್ರಿಯದಲ್ಲಿಯೂ ಗ್ರೀಕಿನಲ್ಲಿಯೂ ಈ ಭೇದವಿಲ್ಲ. ‘ಅವರು’ ಎಂಬ ದೂರದ ಗೌರವವೂ ಅಲ್ಲದೆ ‘ಅವನು’ ಎಂಬ ಸಲಿಗೆಯೂ ಅಲ್ಲದೆ ನಡುವೆ ನಿಲ್ಲುವ ಈ ಪದವು ಪ್ರತಿ ಪುಟದಲ್ಲಿಯೂ ಓದುಗನ ತಲೆಯನ್ನು ಸ್ವಲ್ಪ ಬಾಗಿಸುತ್ತದೆ. ಈಚಿನ ಪಾಠಗಳಲ್ಲಿ ಬಹುವಚನದ ಮರ್ಯಾದೆ ಬಂದಿದೆ. ಸಭ್ಯತೆಯು ಹೆಚ್ಚಿತು, ಸಾಮೀಪ್ಯವು ಕಡಿಮೆಯಾಯಿತೆಂದೇ ನಮ್ಮ ಅಭಿಪ್ರಾಯ. ಕರ್ಮಣಿ ಪ್ರಯೋಗದ ಹಾವಳಿಯನ್ನು ಮಾತ್ರ ಸಮರ್ಥಿಸಲಾರೆವು. ‘ಎಣಿಸಲ್ಪಡಲಿ’ ಎಂಬಂಥ ರೂಪಗಳು ಕನ್ನಡದ ಜಾಯಮಾನಕ್ಕೆ ಒಗ್ಗವು. ಕರ್ತೃವಾದ ದೇವರ ಹೆಸರನ್ನು ಭಯಭಕ್ತಿಯಿಂದ ಮರೆಮಾಡುವ ಯೆಹೂದ್ಯರ ಪದ್ಧತಿಯಿಂದ ಪ್ರಾರ್ಥನೆಯಲ್ಲಿ ಅದು ಬಂದಿತೆಂದರೆ ಅಲ್ಲಿ ಒಪ್ಪಬಹುದು. ಕಥಾಭಾಗಗಳಲ್ಲಿ ಹಾಗೆ ಬರೆಯುವುದಕ್ಕೆ ಕಾರಣವೇನು?

ಈಗ ಎತ್ತಬಹುದಾದ ಪೂರ್ವಪಕ್ಷ: ಕನ್ನಡವು ಎಷ್ಟೇ ಚೆನ್ನಾಗಿರಲಿ, ಕಾರವಾರದ ಕೊಂಕಣಿ ಮನೆಗೆ ಅದು ಪರಭಾಷೆಯಲ್ಲವೆ? ಇದಕ್ಕೆ ನೆರೆಯ ಗೋವೆಯ ನಿದರ್ಶನವನ್ನು ನೋಡಬೇಕು. ೧೫೭೯ರಲ್ಲಿ ಗೋವೆಗೆ ಬಂದ ಇಂಗ್ಲಿಷ್ ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸನು ಬರೆದ ಕ್ರಿಸ್ತಪುರಾಣವು ೧೬೧೬ರಲ್ಲಿ ರಾಚೋಲಿನಲ್ಲಿ ರೋಮನ್ ಲಿಪಿಯಲ್ಲಿ ಅಚ್ಚಾಯಿತು. ಅದರಲ್ಲಿ ಹನ್ನೊಂದು ಸಾವಿರದಷ್ಟು ಓವಿಗಳಿವೆ. ಅವನು ಕೊಂಕಣಿಯ ವ್ಯಾಕರಣವನ್ನೇ ಬರೆದವನಾದರೂ, ಪುರಾಣವನ್ನು ಬರೆದುದು ಕೊಂಕಣಿಯ ಪದಗಳು ಬೆರೆತ ಮರಾಠಿಯಲ್ಲಿ. ಮನೆಮಾತಿಗಿಂತ ಒಂದು ಮೆಟ್ಟಲು ಮೇಲಿನ, ಆದರೆ ಕಿವಿಗೆ ಪರಿಚಿತವಾದ ಭಾಷೆ. ಹಾಡಿ ಹೇಳಬಲ್ಲ ಛಂದಸ್ಸು. ೧೯೦೭ರಲ್ಲಿ ಮಂಗಳೂರಿನಲ್ಲಿ ಜೋಸೆಫ್ ಸಲ್ದಾನರು ಅದನ್ನು ಮತ್ತೆ ಅಚ್ಚುಮಾಡಿಸಿದರೆಂದರೆ, ಮುನ್ನೂರು ವರ್ಷ ಅದು ಕರಾವಳಿಯ ಕ್ರೈಸ್ತರ ನೆನಪಿನಿಂದ ಹೋಗಿರಲಿಲ್ಲವೆಂದಾಯಿತು. ನಿತ್ಯಗ್ರಂಥವು ಮನೆಮಾತಿನಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಬಾಯಲ್ಲಿ ನಿಲ್ಲಬೇಕೆಂಬ ನಿಯಮವುಂಟು. ಕನ್ನಡದಲ್ಲಿ ಕಿಟ್ಟೆಲರು ೧೮೬೨ರಲ್ಲಿ ‘ಕಥಾಮಾಲೆ’ಯೆಂಬ ಯೇಸುಚರಿತವನ್ನು ದೇಶದ ಛಂದಸ್ಸಿನಲ್ಲಿ ರಚಿಸಿ ಈ ದಾರಿಯನ್ನು ಹಿಡಿದರು. ಅದರ ಹಿಂದೆ ಇನ್ನೂ ಹತ್ತು ಕೃತಿಗಳು ಬರಬೇಕಾಗಿತ್ತು. ಕೊಂಕಣಿಯಲ್ಲಿ ಪ್ರಾರ್ಥಿಸಿ ಕನ್ನಡದಲ್ಲಿ ಓದುವ ಮನೆಗೆ ಬೇಕಾದುದು ಭಾಷೆಗಳೊಳಗೆ ಒಂದನ್ನು ಬಿಡುವುದಲ್ಲ, ಓದಿದುದನ್ನು ಮನೆಮಾತಿನಲ್ಲಿ ತಿರುಗಿ ಹೇಳಿಕೊಳ್ಳುವ ಅಭ್ಯಾಸ. ಕಂಚುಕಿಗೆ ಫಿಲಿಪ್ಪನು ಮಾಡಿದುದೂ ಅದೇ.

ಸ್ಥಳೀಯವಾದ ವ್ಯಾಖ್ಯಾನವು ಎಷ್ಟು ಕೆಲಸಮಾಡಬಲ್ಲುದೆಂಬುದಕ್ಕೆ ಎರಡು ಉದಾಹರಣೆಗಳು. ಪರ್ವತಪ್ರಸಂಗದಲ್ಲಿ ಶಿಷ್ಯರನ್ನು ಗ್ರೀಕ್ ಮೂಲವು ಷಷ್ಠಿಯಿಂದ ‘ಭೂಮಿಯ’ ಉಪ್ಪೆನ್ನುತ್ತದೆ. ಕನ್ನಡದವರು ಚತುರ್ಥಿಯಿಂದ ‘ಭೂಮಿಗೆ’ ಎಂದರು. ಇದು ತಾದರ್ಥ್ಯೇ ಚತುರ್ಥೀ. ಉಪ್ಪು ತನಗಾಗಿ ಇರುವುದಲ್ಲ, ಬೇರೊಂದಕ್ಕಾಗಿ ಇರುವುದು ಎಂಬ ತಾತ್ಪರ್ಯವು ಒಂದು ವಿಭಕ್ತಿಪ್ರತ್ಯಯದಿಂದ ಸಿದ್ಧಿಸಿತು. ೧೯೩೦ರಲ್ಲಿ ಉಪ್ಪಿಗಾಗಿ ಕಾನೂನು ಮುರಿದ ಅಂಕೋಲೆಯಲ್ಲಿ ಈ ವಾಕ್ಯವನ್ನು ಓದುವವನಿಗೆ ಟಿಪ್ಪಣಿಯು ಬೇಕಾಗಿಲ್ಲ.

ಇನ್ನೊಂದು ಕಡೆ ಟಿಪ್ಪಣಿಯು ಬಹಳವಾಗಿ ಬೇಕು. ಮತ್ತಾಯನ ಗ್ರೀಕಿನಲ್ಲಿ ಬಲೆಗೆ ಮೂರು ಹೆಸರುಗಳಿವೆ. ಪೇತ್ರನೂ ಅವನ ತಮ್ಮನೂ ಬೀಸುತ್ತಿದ್ದುದು ‘ಅಂಫಿಬ್ಲೇಸ್ತ್ರೋನ್’, ಒಬ್ಬನೇ ಬೀಸುವ ಬೀಸುಬಲೆ. ಅವರು ಬಿಟ್ಟು ಹಿಂಬಾಲಿಸಿದುದು ‘ದಿಕ್ತ್ಯೋನ್’, ಬಲೆಯೆಂಬ ಸಾಮಾನ್ಯ ಹೆಸರು. ಹದಿಮೂರನೆಯ ಅಧ್ಯಾಯದಲ್ಲಿ ಪರಲೋಕರಾಜ್ಯಕ್ಕೆ ಹೋಲಿಸಿದುದು ‘ಸಗೇನೇ’. ಕನ್ನಡದಲ್ಲಿ ಮೂರಕ್ಕೂ ‘ಬಲೆ’ಯೊಂದೇ. ಬಳ್ಳಾರಿಯ ಒಣನೆಲದಲ್ಲಿ ಕುಳಿತು ಅನುವಾದಿಸಿದವರಿಗೆ ಬೇರೆ ಪದವು ತೋಚದಿದ್ದುದು ಸಹಜ. ಕಾರವಾರದ ಖಾರ್ವಿಯಾಗಲಿ ಹರಿಕಂತ್ರನಾಗಲಿ ಕ್ರೈಸ್ತ ಮೀನುಗಾರನಾಗಲಿ ಆ ಸಾಮ್ಯವನ್ನು ಕೇಳಿದೊಡನೆ ಸಗೇನೇ ಎಂದರೆ ರಂಪಣಿಯೆಂದು ಹೇಳಬಲ್ಲನು: ದೋಣಿಯಿಂದ ಕಡಲಿನಲ್ಲಿ ಅರೆವೃತ್ತವಾಗಿ ಬಿಟ್ಟು, ಎರಡು ತುದಿಗಳ ಹಗ್ಗವನ್ನು ಹತ್ತಾರು ಮಂದಿ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ. ೧೯೭೦ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ದೋಣಿಗಳೂ ಪರ್ಸಿನ್ ಬಲೆಗಳೂ ಬಂದಮೇಲೆ ರಂಪಣಿಯು ವಿರಳವಾಗುತ್ತ ಬಂದಿದೆ. ಅದನ್ನು ಎಳೆದವರಿನ್ನೂ ಇದ್ದಾರೆ. ಬೀಸುಬಲೆಯವನು ತನಗೆ ಬೇಕಾದ ಕಡೆಗೆ ಗುರಿಯಿಟ್ಟು ಬೀಸುತ್ತಾನೆ. ರಂಪಣಿಗೆ ಆಯ್ಕೆಯಿಲ್ಲ, ಒಳಗೆ ಬಂದುದೆಲ್ಲವೂ ದಡಕ್ಕೆ ಬರುತ್ತದೆ. ಒಬ್ಬನಿಂದ ಅದನ್ನು ಎಳೆಯಲಾಗದು. ವಿಂಗಡಿಸುವುದು ಎಳೆದು ಮುಗಿದ ಮೇಲೆ, ಮರಳಿನ ಮೇಲೆ ಕುಳಿತುಕೊಂಡು. ಸುವಾರ್ತೆಯಲ್ಲಿಯೂ ಅವರು ಕುಳಿತುಕೊಂಡೇ ಆರಿಸುತ್ತಾರೆ.